ಸುಗಂಧ ತೈಲಗಳಿಂದ ಸೊಳ್ಳೆ ನಿವಾರಣೆ: ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ



ಮುಂಗಾರು ಹಿಡಿದ ಮೇಲೆ ನಡೆಯುವ ಸಾಮಾನ್ಯ ಸಭೆಗಳಲ್ಲಿ ಸೊಳ್ಳೆಯ ವಿಷಯ ಚರ್ಚೆಗೆ ಬಾರದ ಗ್ರಾಮ ಪಂಚಾಯತಿ ವಿರಳ. ಹಿಂದೆಲ್ಲ ಈ ಚರ್ಚೆ ‘ಫಾಗಿಂಗ್ ಯಾವಾಗ ಮಾಡಿಸುತ್ತೀರಿ’ ಎಂಬ ಪ್ರಶ್ನೆಯೊಡನೆ ಆರಂಭವಾಗಿ ಅಲ್ಲಿಯೇ ಮುಗಿಯುತ್ತಿತ್ತು. ಈಚಿನ ವರ್ಷಗಳಲ್ಲಿ ಅದರ ಜೊತೆಗೆ ಇನ್ನೊಂದು ಬೇಡಿಕೆ ಸೇರಿಕೊಂಡಿದೆ. ಸೊಳ್ಳೆಬತ್ತಿಯ ಹೊಗೆಯೂ ಬೇಡ, ರಾಸಾಯನಿಕದ ಸಿಂಪರಣೆಯೂ ಬೇಡ, ಬೇವು, ನೀಲಗಿರಿ, ಸಿಟ್ರೊನೆಲ್ಲಾ ಮೊದಲಾದ ನೈಸರ್ಗಿಕ ಎಣ್ಣೆಗಳನ್ನು ಮನೆಮನೆಗೆ ಹಂಚಿರಿ ಎಂಬುದೇ ಆ ಬೇಡಿಕೆ. ಸ್ವಸಹಾಯ ಗುಂಪುಗಳಿಂದ ತಯಾರಿಸಿದರೆ ಹೆಣ್ಣುಮಕ್ಕಳಿಗೆ ಆದಾಯವೂ ಆಗುತ್ತದೆ ಎಂಬ ಮಾತನ್ನೂ ಸದಸ್ಯರು ಸೇರಿಸುತ್ತಾರೆ. ಬೇಡಿಕೆಯ ಹಿಂದಿರುವ ಕಾಳಜಿ ಪ್ರಾಮಾಣಿಕವಾದುದು. ಆದರೆ ಸಾರ್ವಜನಿಕ ಹಣವನ್ನು ವೆಚ್ಚ ಮಾಡುವ ಮುನ್ನ, ಅದಕ್ಕಿಂತ ಮುಖ್ಯವಾಗಿ ಜನರ ನಂಬಿಕೆಯನ್ನು ಒಂದು ಸೀಸೆಯ ಮೇಲೆ ಇರಿಸುವ ಮುನ್ನ, ಆ ತೈಲಗಳು ಏನು ಮಾಡಬಲ್ಲವು, ಏನು ಮಾಡಲಾರವು ಎಂಬುದನ್ನು ಸದಸ್ಯರು ತಿಳಿದಿರುವುದು ಅವಶ್ಯ.

ತೈಲವು ಕೆಲಸ ಮಾಡುವ ಬಗೆ

ರಕ್ತ ಹೀರುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು. ನಾವು ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್, ಬೆವರಿನ ವಾಸನೆ ಮತ್ತು ಮೈಯ ಬಿಸಿ ಇವುಗಳ ಜಾಡು ಹಿಡಿದು ಅದು ನಮ್ಮನ್ನು ತಲುಪುತ್ತದೆ. ಸಿಟ್ರೊನೆಲ್ಲಾ, ನಿಂಬೆ ಹುಲ್ಲು (ಕೆಲವು ಕಡೆ ಇದನ್ನೇ ಮಜ್ಜಿಗೆ ಹುಲ್ಲು ಎನ್ನುತ್ತಾರೆ) ಮುಂತಾದವುಗಳ ತೈಲದಲ್ಲಿರುವ ಸಿಟ್ರೊನೆಲ್ಲಾಲ್, ಜೆರಾನಿಯಾಲ್, ಸಿಟ್ರಾಲ್ ಎಂಬ ಅಂಶಗಳು ಚರ್ಮದ ಮೇಲಿಂದ ಆವಿಯಾಗಿ ಏಳುತ್ತ ಈ ಜಾಡನ್ನು ಕೆಡಿಸುತ್ತವೆ. ಸೊಳ್ಳೆ ಸಾಯುವುದಿಲ್ಲ, ಆ ಕ್ಷಣಕ್ಕೆ ನಮ್ಮ ಮೇಲೆ ಇಳಿಯಲಾರದೆ ಬೇರೆಡೆಗೆ ಹೋಗುತ್ತದೆ, ಅಷ್ಟೇ. ಬಹಳ ಸಲ ಅದು ಹೋಗುವುದು ಪಕ್ಕದಲ್ಲಿ ತೈಲ ಹಚ್ಚಿಕೊಳ್ಳದೆ ಕುಳಿತವರ ಬಳಿಗೆ.

ಇದರಲ್ಲಿಯೇ ತೈಲದ ಮಿತಿಯೂ ಅಡಗಿದೆ. ಆವಿಯಾಗುವುದರಿಂದಲೇ ಅದು ಕೆಲಸ ಮಾಡುತ್ತದೆ. ಆವಿಯಾಗುವುದರಿಂದಲೇ ಬೇಗ ಮುಗಿದುಹೋಗುತ್ತದೆ. ಬೆವರು ಸುರಿಯುವ ತೋಟದ ಕೆಲಸದಲ್ಲಿ, ಮಳೆಯಲ್ಲಿ ನೆನೆಯುವಾಗ ಇನ್ನೂ ಬೇಗ. ಮನೆಯ ಮುಂದೆ ಸಿಟ್ರೊನೆಲ್ಲಾ ಹುಲ್ಲಿನ ಬುಡ ನೆಟ್ಟರೆ ಅಥವಾ ಕಿಟಕಿಯ ಬಳಿ ತುಳಸಿ ಕುಂಡ ಇಟ್ಟರೆ ಸೊಳ್ಳೆ ಬಾರದು ಎಂಬ ನಂಬಿಕೆಗೂ ಇದೇ ಉತ್ತರ. ಎಣ್ಣೆ ಎಲೆಯೊಳಗೆ ಸಣ್ಣ ಕೋಶಗಳಲ್ಲಿ ಅಡಗಿರುತ್ತದೆ. ಎಲೆಯನ್ನು ಹೊಸಕದೆ, ಬಟ್ಟಿ ಇಳಿಸದೆ ಅದು ಗಾಳಿಗೆ ಸಾಕಷ್ಟು ಬರುವುದಿಲ್ಲ. ಗಿಡ ನೆಡಲು ಬೇರೆ ಒಳ್ಳೆಯ ಕಾರಣಗಳಿವೆ; ಸೊಳ್ಳೆ ಅವುಗಳಲ್ಲಿ ಒಂದಲ್ಲ.

ಎಷ್ಟು ಹೊತ್ತಿನ ರಕ್ಷಣೆ?

2002ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪರೀಕ್ಷೆಯ ವಿವರ ಇಲ್ಲಿ ಉಪಯುಕ್ತ. ಮಾರುಕಟ್ಟೆಯಲ್ಲಿ ದೊರೆಯುವ ಹಲವು ನಿವಾರಕಗಳನ್ನು ಸ್ವಯಂಸೇವಕರ ಕೈಗೆ ಹಚ್ಚಿ, ಡೆಂಗೀ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಗಳಿದ್ದ ಪಂಜರದೊಳಗೆ ಕೈಯಿಟ್ಟು, ಮೊದಲ ಕಡಿತ ಯಾವಾಗ ಬೀಳುತ್ತದೆ ಎಂಬುದನ್ನು ಅಳೆಯಲಾಯಿತು. ಸಿಟ್ರೊನೆಲ್ಲಾ ಆಧಾರಿತ ವಸ್ತುಗಳು ಸರಾಸರಿ 20 ನಿಮಿಷವೂ ತಡೆಯಲಿಲ್ಲ. ಶೇ. 2ರಷ್ಟು ಸೋಯಾ ಎಣ್ಣೆಯುಳ್ಳ ಒಂದು ಲೇಪನ ಸುಮಾರು ಒಂದೂವರೆ ಗಂಟೆ, ಸಂಸ್ಕರಿಸಿದ ನಿಂಬೆ ನೀಲಗಿರಿ ಆಧಾರಿತ ವಸ್ತು ಸುಮಾರು ಎರಡು ಗಂಟೆ ತಡೆದವು. ಶೇ. 23.8ರಷ್ಟು ಡೀಟ್ ಎಂಬ ಕೃತಕ ರಾಸಾಯನಿಕವಿದ್ದ ಲೇಪನ ಐದು ಗಂಟೆ ನಿಂತಿತು. ಕೈಗೆ ಕಟ್ಟಿಕೊಳ್ಳುವ ಸುಗಂಧದ ಪಟ್ಟಿಗಳಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಈಗ ನಮ್ಮ ಜಾತ್ರೆಯ ಅಂಗಡಿಗಳಲ್ಲಿಯೂ ಮಕ್ಕಳಿಗಾಗಿ ಇಂಥ ಪಟ್ಟಿಗಳು ಮಾರಾಟವಾಗುತ್ತಿರುವುದರಿಂದ ಈ ಕೊನೆಯ ಅಂಶವನ್ನು ವಿಶೇಷವಾಗಿ ಹೇಳಬೇಕಾಯಿತು.

ಪಂಜರದ ಪರೀಕ್ಷೆ ಕಠಿಣವಾದುದು. ಹಿತ್ತಲಿನಲ್ಲಿ ಅಷ್ಟು ದಟ್ಟವಾಗಿ ಸೊಳ್ಳೆ ಇರುವುದಿಲ್ಲ ಎಂಬುದು ನಿಜ. ಹಾಗಿದ್ದರೂ ಮನೆಯಲ್ಲಿ ಬೆರೆಸಿದ ಸಿಟ್ರೊನೆಲ್ಲಾ ಅಥವಾ ನಿಂಬೆ ಹುಲ್ಲಿನ ಎಣ್ಣೆಯನ್ನು ಒಂದು ಗಂಟೆಗಿಂತ ಹೆಚ್ಚು ನಂಬುವುದು ಸರಿಯಲ್ಲ.

ಬೇವಿನ ಎಣ್ಣೆಯ ಪ್ರಶ್ನೆ ಸ್ವಲ್ಪ ಬೇರೆ. ಅದು ಬಟ್ಟಿ ಇಳಿಸಿದ ಸುಗಂಧ ತೈಲವಲ್ಲ. ಬೀಜದಿಂದ ಗಾಣದಲ್ಲಿ ತೆಗೆಯುವ ಸ್ಥಿರ ಎಣ್ಣೆ, ಸುಲಭವಾಗಿ ಆವಿಯಾಗದು. ಭಾರತದ ಮಲೇರಿಯಾ ಸಂಶೋಧಕರು 1993ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕೊಬ್ಬರಿ ಎಣ್ಣೆಯಲ್ಲಿ ಶೇ. 2ರಷ್ಟು ಬೇವಿನ ಎಣ್ಣೆ ಬೆರೆಸಿ ಹಚ್ಚಿಕೊಂಡವರಿಗೆ ಅನಾಫಿಲಿಸ್ ಸೊಳ್ಳೆಗಳಿಂದ ರಾತ್ರಿಯಿಡೀ, ಅಂದರೆ 12 ಗಂಟೆ, ರಕ್ಷಣೆ ದೊರೆಯಿತು. ಬೇವಿನ ಪರವಾಗಿ ಮಾತನಾಡುವವರು ಈ ಫಲಿತಾಂಶವನ್ನು ಮತ್ತೆ ಮತ್ತೆ ಹೇಳುತ್ತಾರೆ. ಆದರೆ ಅದು ಮಲೇರಿಯಾ ಹರಡುವ ಅನಾಫಿಲಿಸ್ ಕುರಿತಾದುದು, ಡೆಂಗೀಯ ಈಡಿಸ್ ಕುರಿತಾದುದಲ್ಲ ಎಂಬುದನ್ನು ಮರೆಯುತ್ತಾರೆ. ಆಮೇಲೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಇಷ್ಟು ದೀರ್ಘವಾದ, ಇಷ್ಟು ಪೂರ್ಣವಾದ ರಕ್ಷಣೆ ಕಂಡುಬಂದಿಲ್ಲ.

ಇನ್ನೊಂದು ಗೊಂದಲ ಹೆಸರಿನದು. ಅಂಗಡಿಯಲ್ಲಿ ನೆಗಡಿಗೆಂದು ಕೊಳ್ಳುವ ನೀಲಗಿರಿ ಎಣ್ಣೆ ಬೇರೆ, ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಸೊಳ್ಳೆ ನಿವಾರಕವೆಂದು ಒಪ್ಪಿರುವ ನಿಂಬೆ ನೀಲಗಿರಿ ಬೇರೆ. ಎರಡನೆಯದು ನಿಂಬೆಯ ವಾಸನೆಯ ಬೇರೊಂದು ಜಾತಿಯ ಮರದ ಎಲೆಯಿಂದ ಬರುವಂಥದು. ಅದನ್ನೂ ಹಾಗೆಯೇ ಬಳಸದೆ ಸಂಸ್ಕರಿಸಿ ಪಿಎಂಡಿ ಎಂಬ ಅಂಶ ಹೆಚ್ಚುವಂತೆ ಮಾಡಿರುತ್ತಾರೆ. ‘ನೀಲಗಿರಿ ಎಣ್ಣೆಗೆ ವಿದೇಶದಲ್ಲಿಯೂ ಮಾನ್ಯತೆ ಇದೆ’ ಎಂದು ಯಾರಾದರೂ ಹೇಳಿದರೆ ಯಾವ ನೀಲಗಿರಿ ಎಂದು ಕೇಳತಕ್ಕದ್ದು.

ಯಾವ ಸೊಳ್ಳೆ, ಯಾವ ಹೊತ್ತು

ಈ ಲೇಖನದ ಮುಖ್ಯ ವಿಷಯ ಇಲ್ಲಿದೆ. ನಮ್ಮ ಜನ ಸೊಳ್ಳೆಯ ಎಣ್ಣೆ ಹಚ್ಚುವುದು ಯಾವಾಗ? ರಾತ್ರಿ ಊಟ ಮುಗಿದು ಮಲಗುವಾಗ. ಆ ಹೊತ್ತಿನಲ್ಲಿ ಕಿವಿಯ ಬಳಿ ಗುಂಯ್‌ಗುಡುವುದು ಬಹುಮಟ್ಟಿಗೆ ಕ್ಯೂಲೆಕ್ಸ್. ಚರಂಡಿಯ ಕೊಳಕು ನೀರಿನಲ್ಲಿ ಬೆಳೆಯುವ ಸೊಳ್ಳೆ, ಆನೆಕಾಲು ರೋಗವನ್ನು ಹರಡುವಂಥದು. ಅನಾಫಿಲಿಸ್ ಕೂಡ ರಾತ್ರಿ ಕಡಿಯುತ್ತದೆ. ಡೆಂಗೀ ಮತ್ತು ಚಿಕೂನ್‌ಗುನ್ಯ ಹರಡುವ ಈಡಿಸ್ ಮಾತ್ರ ಹಗಲಿನದು. ಸೂರ್ಯೋದಯದ ನಂತರದ ಒಂದೆರಡು ಗಂಟೆ ಮತ್ತು ಸೂರ್ಯಾಸ್ತಕ್ಕೆ ಮುಂಚಿನ ಕೆಲವು ಗಂಟೆ ಅದರ ಬೇಟೆಯ ಹೊತ್ತು. ಅದು ಸದ್ದು ಮಾಡುವುದು ಕಡಿಮೆ. ಮೊಣಕಾಲಿನಿಂದ ಕೆಳಗೆ, ಬೆಂಚಿನ ಅಡಿಯಲ್ಲಿ ಕಡಿಯುತ್ತದೆ.

ಅಂದರೆ ಮಲಗುವಾಗ ಮೈತುಂಬ ಎಣ್ಣೆ ಹಚ್ಚಿಕೊಂಡು, ಡೆಂಗೀಯಿಂದ ಪಾರಾದೆವೆಂದು ನಿಶ್ಚಿಂತರಾಗುವ ಕುಟುಂಬಕ್ಕೆ ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಯಾವ ರಕ್ಷಣೆಯೂ ಉಳಿದಿರುವುದಿಲ್ಲ. ಮಗು ಶಾಲೆಗೆ ಸಿದ್ಧವಾಗುವ ಹೊತ್ತು ಅದು. ರಾತ್ರಿಗೆ ಸೊಳ್ಳೆ ಪರದೆಯಷ್ಟು ನಂಬಿಕೆಯ ಸಾಧನ ಬೇರೊಂದಿಲ್ಲ. ಅದಕ್ಕೆ ಎಣ್ಣೆಯ ಹಂಗಿಲ್ಲ. ಎಣ್ಣೆಗೆ ಏನಾದರೂ ಸ್ಥಾನವಿದ್ದರೆ ಅದು ಪರದೆ ಕಟ್ಟಲಾಗದ ಹೊತ್ತಿನಲ್ಲಿ: ಹಾಲು ಕರೆಯುವಾಗ, ಅಡಿಕೆ ತೋಟಕ್ಕೆ ಇಳಿಯುವಾಗ, ಸಂಜೆ ಜಗಲಿಯ ಮೇಲೆ ಕೂರುವಾಗ, ಮಕ್ಕಳು ಶಾಲೆಗೆ ಹೊರಡುವಾಗ. ಪೂರ್ಣ ತೋಳಿನ ಅಂಗಿಯೂ ಜೊತೆಗಿರಲಿ.

ಜ್ವರ ಬಂದವರ ವಿಷಯವನ್ನು ಇಲ್ಲಿಯೇ ಹೇಳಬೇಕು. ಡೆಂಗೀ ರೋಗಿಯ ರಕ್ತದಲ್ಲಿ ಜ್ವರ ಆರಂಭವಾದ ಮೊದಲ ನಾಲ್ಕೈದು ದಿನ ವೈರಾಣು ಇರುತ್ತದೆ. ಆ ದಿನಗಳಲ್ಲಿ ಅವರನ್ನು ಕಡಿದ ಸೊಳ್ಳೆ ಮುಂದೆ ಪಕ್ಕದ ಮನೆಯವರಿಗೆ ರೋಗ ದಾಟಿಸುತ್ತದೆ. ಆದ್ದರಿಂದ ಜ್ವರದಲ್ಲಿ ಮಲಗಿದವರಿಗೆ ಹಗಲಿನಲ್ಲಿಯೂ ಸೊಳ್ಳೆ ಪರದೆ ಕಟ್ಟುವಂತೆ ಆಶಾ ಕಾರ್ಯಕರ್ತೆಯರ ಮೂಲಕ ತಿಳಿಸತಕ್ಕದ್ದು. ಹಗಲಿನಲ್ಲಿ ಪರದೆಯೇಕೆ ಎಂದು ಮನೆಯವರು ಕೇಳುವುದು ಸಹಜ; ಸದಸ್ಯರೇ ಒಂದು ಮಾತು ಹೇಳಿದರೆ ಕೆಲಸ ಸುಲಭವಾಗುತ್ತದೆ.

ಮಲೆನಾಡಿನ ಪಂಚಾಯತಿಗಳಿಗೆ ಒಂದು ಪ್ರತ್ಯೇಕ ಸೂಚನೆ. ಮಂಗನ ಕಾಯಿಲೆ ಹರಡುವುದು ಉಣ್ಣೆಗಳಿಂದ. ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲದ ಬದಲಿಗೆ ಬೇವು ಅಥವಾ ಸಿಟ್ರೊನೆಲ್ಲಾ ಹಚ್ಚಿಕೊಂಡು ಹೋಗುವುದನ್ನು ಯಾವ ಕಾರಣಕ್ಕೂ ಪ್ರೋತ್ಸಾಹಿಸಕೂಡದು.

ಮನೆಯಲ್ಲಿ ಬಳಸುವವರಿಗೆ

ಬಳಸಲು ಇಚ್ಛಿಸುವವರು ಸುಗಂಧ ತೈಲವನ್ನು ನೇರವಾಗಿ ಚರ್ಮಕ್ಕೆ ಎಂದಿಗೂ ಹಚ್ಚಬಾರದು. ಉರಿ, ಕೆಂಪಾಗುವಿಕೆ, ಬೊಬ್ಬೆ ಉಂಟಾಗುತ್ತವೆ. 100 ಮಿಲಿ ಕೊಬ್ಬರಿ ಎಣ್ಣೆಗೆ 5 ಮಿಲಿ ಸಿಟ್ರೊನೆಲ್ಲಾ ಅಥವಾ ನಿಂಬೆ ಹುಲ್ಲಿನ ತೈಲ ಸಾಕು. ಬೇವಿನ ಎಣ್ಣೆಯಾದರೆ 2 ಮಿಲಿ. ಕೊಬ್ಬರಿ ಎಣ್ಣೆ ಆವಿಯಾಗುವಿಕೆಯನ್ನು ಸ್ವಲ್ಪ ತಡಮಾಡುತ್ತದೆ, ಚರ್ಮವನ್ನೂ ಕಾಪಾಡುತ್ತದೆ. ಮೊದಲ ಸಲ ಮೊಣಕೈಯ ಒಳಭಾಗಕ್ಕೆ ಒಂದು ಹನಿ ಹಚ್ಚಿ ಒಂದು ದಿನ ನೋಡಬೇಕು. ಗಾಯ, ಕಣ್ಣು, ತುಟಿಗಳ ಬಳಿ ಹಚ್ಚಬಾರದು. ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕಪ್ಪಾಗುವುದುಂಟು. ನೆಲ ಒರೆಸಲು ಮಾರುವ ಸಿಟ್ರೊನೆಲ್ಲಾ ದ್ರಾವಣವನ್ನು ಮೈಗೆ ಹಚ್ಚುವವರಿದ್ದಾರೆ. ಅದು ಮೈಗೆ ಹಚ್ಚುವ ವಸ್ತುವಲ್ಲ.

ದನದ ಕೊಟ್ಟಿಗೆಯಲ್ಲಿ ಲಕ್ಕಿ ಸೊಪ್ಪು, ಬೇವಿನ ಸೊಪ್ಪಿನ ಹೊಗೆ ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ತೆರೆದ ಕೊಟ್ಟಿಗೆಯಲ್ಲಿ ಅದು ನಡೆಯಲಿ. ಮುಚ್ಚಿದ ಕೋಣೆಯಲ್ಲಿ, ಅದರಲ್ಲಿಯೂ ಹಸುಗೂಸು, ಬಾಣಂತಿ ಮತ್ತು ಉಬ್ಬಸದವರು ಇರುವಲ್ಲಿ, ಹೊಗೆ ಎಲೆಯದಾದರೂ ಶ್ವಾಸಕೋಶಕ್ಕೆ ಹೊಗೆಯೇ. ನೈಸರ್ಗಿಕವಾದುದೆಲ್ಲ ನಿರಪಾಯ ಎಂಬ ತಿಳಿವಳಿಕೆ ಇಲ್ಲಿ ಬಹಳ ಮೋಸ ಮಾಡುತ್ತದೆ.

ಮಕ್ಕಳ ವಿಷಯದಲ್ಲಿ ಆ ಮೋಸಕ್ಕೆ ತೆರಬೇಕಾದ ಬೆಲೆ ದೊಡ್ಡದು. ನೀಲಗಿರಿ ಎಣ್ಣೆ ಮತ್ತು ಕರ್ಪೂರ ಹೊಟ್ಟೆಗೆ ಹೋದರೆ ಸಣ್ಣ ಮಕ್ಕಳಿಗೆ ಸ್ವಲ್ಪ ಪ್ರಮಾಣದಲ್ಲಿಯೇ ಅಪಸ್ಮಾರದಂಥ ಸೆಳೆತ ಉಂಟಾಗಬಹುದು. ಬೇವಿನ ಎಣ್ಣೆ ಕುಡಿಸಿದ ಶಿಶುಗಳಲ್ಲಿ ವಾಂತಿ, ಸೆಳೆತ, ಪ್ರಜ್ಞಾಹೀನತೆ ಕಂಡುಬಂದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಬೇವಿನ ಎಣ್ಣೆಗೆ ಕರ್ಪೂರ ಕರಗಿಸಿ ವಿದ್ಯುತ್ ಯಂತ್ರದ ಖಾಲಿ ಸೀಸೆಗೆ ತುಂಬುವ ಉಪಾಯ ಮೊಬೈಲಿನಲ್ಲಿ ಬಹಳವಾಗಿ ಹರಿದಾಡುತ್ತಿದೆ. ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ವಿಷದ ಸೀಸೆ ಇಟ್ಟಂತೆ ಅದು. ಎರಡು ತಿಂಗಳೊಳಗಿನ ಹಸುಗೂಸಿಗೆ ಯಾವ ನಿವಾರಕವನ್ನೂ ಹಚ್ಚಕೂಡದು, ತೊಟ್ಟಿಲಿಗೆ ಪರದೆಯೇ ಆಗಬೇಕು. ನಿಂಬೆ ನೀಲಗಿರಿಯ ವಸ್ತುಗಳನ್ನು ಮೂರು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂಬ ಸೂಚನೆ ಇದೆ. ಅಂಗನವಾಡಿಗೆ ಬರುವ ಮಕ್ಕಳಲ್ಲಿ ಚಿಕ್ಕವರನ್ನು ಇದು ನೇರವಾಗಿ ಒಳಗೊಳ್ಳುತ್ತದೆ. ದೊಡ್ಡ ಮಕ್ಕಳಿಗೂ ಹಿರಿಯರೇ ಹಚ್ಚಬೇಕು, ಅಂಗೈಗೆ ಹಚ್ಚಬಾರದು, ಏಕೆಂದರೆ ಕೈ ಬಾಯಿಗೆ ಹೋಗುತ್ತದೆ. ಮಗು ಎಣ್ಣೆ ಕುಡಿದ ಸಂದರ್ಭದಲ್ಲಿ ವಾಂತಿ ಮಾಡಿಸಲು ಯತ್ನಿಸದೆ, ಸೀಸೆಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಇನ್ನೂ ಹೆಚ್ಚು.

ಪಂಚಾಯತಿಯ ಹಣದಿಂದ ಹಂಚಬಹುದೇ?

ಲೆಕ್ಕ ಹಾಕಿ ನೋಡೋಣ. 400 ಮನೆಗಳ ಒಂದು ಊರು, ಮನೆಗೆ ನಾಲ್ವರಂತೆ 1,600 ಜನ. ಒಬ್ಬರಿಗೆ ಒಂದು ಸಲಕ್ಕೆ 5 ಮಿಲಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಂದರೆ ದಿನಕ್ಕೆ 16 ಲೀಟರ್. ತಿಂಗಳಿಗೆ 480 ಲೀಟರ್ ಮಿಶ್ರಣ, ಅದರಲ್ಲಿ ಶೇ. 5 ಎಂದರೆ 24 ಲೀಟರ್ ಸುಗಂಧ ತೈಲ. ಸಿಟ್ರೊನೆಲ್ಲಾ ಹುಲ್ಲಿನಲ್ಲಿ ದೊರೆಯುವ ತೈಲ ಹಸಿ ಹುಲ್ಲಿನ ತೂಕದ ಸುಮಾರು ಶೇ. 1. ಆದುದರಿಂದ ಒಂದು ಊರಿಗೆ ಒಂದು ತಿಂಗಳಿಗೆ ಎರಡು ಟನ್ನಿಗೂ ಹೆಚ್ಚು ಹುಲ್ಲು ಬಟ್ಟಿ ಇಳಿಯಬೇಕು. ಮಳೆಗಾಲದ ನಾಲ್ಕು ತಿಂಗಳಿಗೆ ಇದರ ನಾಲ್ಕರಷ್ಟು. ಇಷ್ಟಾದರೂ ಪ್ರತಿಯೊಬ್ಬರಿಗೂ ದಿನಕ್ಕೆ ದೊರೆತ ರಕ್ಷಣೆ ಎರಡು ಗಂಟೆಯನ್ನು ಮೀರಲಿಲ್ಲ. ಒಂದೊಂದು ಸೀಸೆ ಹಂಚಿ ಛಾಯಾಚಿತ್ರ ತೆಗೆಸಿಕೊಳ್ಳುವುದು ಬೇರೆ ವಿಷಯ. ಆ ಸೀಸೆ ಮೂರನೆಯ ವಾರಕ್ಕೆ ಖಾಲಿಯಾಗಿರುತ್ತದೆ.

ಅದೇ ಹಣ ನೀರಿನ ತೊಟ್ಟಿಗೆ ಹೋದರೆ ಫಲ ಬೇರೆ. ಇದು ಹೊಸ ಅರಿವಲ್ಲ. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ ಮುಂಚೆ 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯನಾಗಿದ್ದ. ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು ಅದನ್ನು ಉರುಳಿಸಿದಾಗ ಮನೆಯಲ್ಲಿ ಸೊಳ್ಳೆ ಕಡಿಮೆಯಾದವು. ಭೋಜನಶಾಲೆಯ ಬಳಿಯ ತೊಟ್ಟಿಗಳನ್ನೂ ಹೀಗೆಯೇ ಖಾಲಿ ಮಾಡಿಸೋಣವೆಂದು ಅಧಿಕಾರಿಯೊಬ್ಬರಲ್ಲಿ ಕೇಳಿದರೆ, ಸೊಳ್ಳೆಯೂ ಸೃಷ್ಟಿಯ ಒಂದು ಭಾಗ, ಅದನ್ನು ಸಹಿಸಬೇಕು ಎಂಬ ಅರ್ಥದ ಉತ್ತರ ಬಂತೆಂದು ಅವನೇ ಬರೆದುಕೊಂಡಿದ್ದಾನೆ. ವಾರ್ಡಿನಲ್ಲಿ ಡ್ರಮ್ ಮುಚ್ಚಿರೆಂದು ಹೇಳಲು ಹೋದ ಸದಸ್ಯರಿಗೆ ಈ ಅನುಭವ ಅಪರಿಚಿತವೇನಲ್ಲ.

ಈಡಿಸ್ ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರಿಗಿಂತ ದೂರ ಹೋಗುವುದಿಲ್ಲ. ನಮ್ಮನ್ನು ಕಡಿದದ್ದು ನಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಬೆಳೆದದ್ದು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಖಾಲಿ ಮಾಡಬೇಕೆಂಬ ನಿಯಮ ಬಂದದ್ದು ಇದರಿಂದ. ಖಾಲಿ ಮಾಡಿದರೆ ಸಾಲದು, ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ಮೊಟ್ಟೆಗಳು ನೀರಿನ ಅಂಚಿಗೆ ಅಂಟಿಕೊಂಡಿದ್ದು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ಡ್ರಮ್ಮಿಗೆ ಬಟ್ಟೆ ಕಟ್ಟುವುದು, ಸಂಪಿನ ಮುಚ್ಚಳ ಸರಿಪಡಿಸುವುದು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ರಬ್ಬರ್ ಹಾಲಿನ ಬಟ್ಟಲುಗಳನ್ನು ಮಗುಚಿಡುವುದು, ಪಂಕ್ಚರ್ ಅಂಗಡಿಯ ಹಳೆಯ ಟೈರುಗಳಿಗೆ ಮೇಲ್ಛಾವಣಿ ಹಾಕಿಸುವುದು ಇವೆಲ್ಲ ಈ ಕೆಲಸದೊಳಗೆ ಬರುತ್ತವೆ. ಬಾವಿಗಳಿಗೆ ಗಪ್ಪಿ ಅಥವಾ ಗ್ಯಾಂಬೂಸಿಯಾ ಮೀನು ಬಿಡುವ ವಿಧಾನ ಕರ್ನಾಟಕದ ಹಳ್ಳಿಗಳಲ್ಲಿಯೇ ಪರೀಕ್ಷಿತವಾದುದು. ಆದರೆ ಹೊಳೆ, ಕೆರೆಗಳಿಗೆ ಈ ಮೀನುಗಳನ್ನು ಬಿಡಬಾರದು, ಸ್ಥಳೀಯ ಮೀನಿನ ಮರಿಗಳನ್ನು ತಿಂದುಬಿಡುತ್ತವೆ. ಫಾಗಿಂಗ್ ಹಾರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ; ರೋಗ ಉಲ್ಬಣಿಸಿದಾಗಿನ ಉಪಾಯವದು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ಬರುವ ಮುಕ್ತ ನಿಧಿ ವರ್ಷಕ್ಕೆ 10,000 ರೂಪಾಯಿಯ ಆಸುಪಾಸಿನದು. ಅದನ್ನು ಎಣ್ಣೆಗೆ ಸುರಿದರೆ ಲಾರ್ವಾ ಸಮೀಕ್ಷೆಗೆ ಬೇಕಾದ ಟಾರ್ಚು, ಬಕೆಟ್ಟು, ಮುಚ್ಚಳಗಳಿಗೆ ಏನೂ ಉಳಿಯದು. 2024ರಲ್ಲಿ ರಾಜ್ಯ ಸರ್ಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಟ್ಟವರಿಗೆ ದಂಡ ವಿಧಿಸುವ ಅವಕಾಶ ಕಲ್ಪಿಸಿದೆ. ಪಂಚಾಯತಿಯ ಸ್ವಂತ ಕಟ್ಟಡದ ಮೇಲಿನ ತೊಟ್ಟಿಗೆ ಮುಚ್ಚಳವಿಲ್ಲದಿದ್ದರೆ ಆ ದಂಡವನ್ನು ಇತರರಿಗೆ ವಿಧಿಸಲು ನಮಗೆ ನಾಲಿಗೆ ಬರದು. ಸಮೀಕ್ಷೆ ಪಂಚಾಯತಿ ಕಚೇರಿ, ಶಾಲೆ, ಅಂಗನವಾಡಿಗಳಿಂದ ಆರಂಭವಾಗಲಿ.

ಸ್ವಸಹಾಯ ಗುಂಪುಗಳ ತಯಾರಿಕೆ

ಇಷ್ಟು ಹೇಳಿದ ಮೇಲೆ ಸಿಟ್ರೊನೆಲ್ಲಾ, ನಿಂಬೆ ಹುಲ್ಲಿನ ಬೇಸಾಯವೇ ಬೇಡವೆಂದು ಅರ್ಥವಲ್ಲ. ಸಾಬೂನು, ಅಗರಬತ್ತಿ, ನೆಲ ಒರೆಸುವ ದ್ರಾವಣಗಳಿಗೆ ಈ ತೈಲಗಳಿಗೆ ಬೇಡಿಕೆ ಇದೆ. ದನ ಮೇಯದ ಬೆಳೆಯಾದುದರಿಂದ ಬೇಲಿಯಿಲ್ಲದ ಜಮೀನಿಗೂ ಅನುಕೂಲ. ಬೆಂಗಳೂರಿನಲ್ಲಿರುವ ಸಿಮ್ಯಾಪ್ ಸಂಶೋಧನಾ ಕೇಂದ್ರದಲ್ಲಿ ಬೇಸಾಯ ಮತ್ತು ಬಟ್ಟಿ ಇಳಿಸುವಿಕೆಯ ಬಗ್ಗೆ ಮಾರ್ಗದರ್ಶನ ಪಡೆಯಬಹುದು. ಸಂಜೀವಿನಿ ಒಕ್ಕೂಟಗಳು ಈ ದಾರಿಯಲ್ಲಿ ಯೋಚಿಸುವುದಾದರೆ ಪಂಚಾಯತಿ ಬೆಂಬಲಿಸಲಿ.

ಆದರೆ ಸೀಸೆಯ ಮೇಲೆ ‘ಸೊಳ್ಳೆ ನಿವಾರಕ’ ಎಂಬ ಚೀಟಿ ಅಂಟಿಸಿ ಮಾರುವ ಕ್ಷಣದಿಂದ ವಿಷಯ ಕಾನೂನಿನದಾಗುತ್ತದೆ. ವಸ್ತು ಯಾವುದು, ಅದರ ಮೇಲೆ ಏನು ಬರೆದಿದೆ ಎಂಬುದನ್ನು ಅನುಸರಿಸಿ 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಅಥವಾ 1968ರ ಕೀಟನಾಶಕ ಕಾಯ್ದೆಯ ಪರವಾನಗಿ ಬೇಕಾಗುತ್ತದೆ. ಗುಂಪಿನ ಹೆಣ್ಣುಮಕ್ಕಳು ಸಾಲ ತೆಗೆದು ಸೀಸೆ, ಚೀಟಿ ಎಲ್ಲ ಸಿದ್ಧಪಡಿಸಿದ ಮೇಲೆ ಈ ಸಂಗತಿ ತಿಳಿದರೆ ನಷ್ಟ ಅವರದೇ. ಆದುದರಿಂದ ಇಂಥ ಪ್ರಸ್ತಾವ ಸಭೆಯ ಮುಂದೆ ಬಂದಾಗ, ಠರಾವು ಮಾಡುವ ಮುನ್ನ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ಮೂಲಕ ಸಹಾಯಕ ಔಷಧ ನಿಯಂತ್ರಕರ ಕಚೇರಿ ಹಾಗೂ ತಾಲ್ಲೂಕು ಆರೋಗ್ಯಾಧಿಕಾರಿಗಳಿಂದ ಲಿಖಿತ ಅಭಿಪ್ರಾಯ ಪಡೆಯತಕ್ಕದ್ದು. ‘ಡೆಂಗೀ ತಡೆಯುತ್ತದೆ’ ಎಂಬ ಮಾತು ಪಂಚಾಯತಿಯ ಹೆಸರಿನಲ್ಲಿ ಹೊರಡುವ ಯಾವ ಚೀಟಿಯ ಮೇಲೆಯೂ, ಯಾವ ಕರಪತ್ರದಲ್ಲಿಯೂ ಇರಕೂಡದು.